ಮೊರ ಹಿಡಿದ ಅತ್ತೆ

ಹಳೇಬೀಡಿನ ಹಳೆಯ ಚಿತ್ರದ ಪೋಸ್ಟ್‌ಕಾರ್ಡ್ ಹಿಡಿದು, ಅದೇ ಜಾಗದಿಂದ ಈಗಿನ ಊರಿನ ಫೋಟೋ ತೆಗೆಯಲು ಹೋಗಿದ್ದೆ. ಕಾರ್ಡಿನಲ್ಲಿ ದೇವಸ್ಥಾನದ ಮುಂದೆ ಹೆಂಗಸೊಬ್ಬರು ರಾಗಿ ಕೇರುತ್ತಿದ್ದರು. ಎಳನೀರು ಮಾರುವ ಗೌರಮ್ಮನಿಗೆ ತೋರಿಸಿದೆ.

“ಅಯ್ಯೋ, ನಮ್ಮತ್ತೆ ಕಣ್ರೀ! ಹರಿದ ಸೀರೇಲೇ ತೆಗ್ದವ್ರಲ್ಲ! ಒಂದ್ಮಾತು ಹೇಳಿದ್ರೆ ಒಳ್ಳೇದು ಉಡ್ತಿರ್ಲಿಲ್ವಾ?”

“ಹಿಂದೆ ದೇವಸ್ಥಾನ ನೋಡಿ,” ಅಂದೆ.

“ಅದೆಲ್ಲಿಗೆ ಹೋಯ್ತದೆ, ಅಲ್ಲೇ ಐತೆ. ನೀವು ಇಲ್ಲೇ ಇರಿ, ಬತ್ತೀನಿ.”

ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಅತ್ತೆಯ ಮೊರ ಹಿಡಿದು ಬಂದರು. ಅವರ ಜೊತೆ ಬೀದಿಯ ಹೆಂಗಸರೆಲ್ಲ ಸಿಂಗರಿಸಿಕೊಂಡು ಬಂದು ದೇವಸ್ಥಾನಕ್ಕೆ ಅಡ್ಡಲಾಗಿ ಒತ್ತೊತ್ತಾಗಿ ನಿಂತರು. ಬೇರೆ ದಾರಿಯಿಲ್ಲದೆ ಕ್ಲಿಕ್ಕಿಸಿದೆ.

ಊರು ಬದಲಾಗಿದ್ದು ಫೋಟೋದಲ್ಲಿ ಚೆನ್ನಾಗಿಯೇ ಬಂದಿದೆ. ದೇವಸ್ಥಾನವೂ ಅವರೆಲ್ಲರ ಬೆನ್ನ ಹಿಂದೆ ಅಲ್ಲೇ ಐತೆ. ನನ್ನ ಮಾತು ನಂಬಬೇಕು, ಅಷ್ಟೆ.