ಎಡಬದಿಯ ಒಳಕಿಸೆ

ಶಕುನ, ಕನಸಿನ ಸೂಚನೆ ಎಂದೆಲ್ಲ ಹೇಳುವವರನ್ನು ಸ್ಟಾಫ್‌ರೂಮಿನಲ್ಲಿ ಗೇಲಿ ಮಾಡುತ್ತಿದ್ದವಳು ನಾನು. ಗಣಿತ ಕಲಿಸುವವಳಿಗೆ ಅಂಥ ನಂಬಿಕೆ ಎಲ್ಲಿಂದ ಬರಬೇಕು? ಇದನ್ನು ಬರೆಯಲು ನನಗೇ ನಾಚಿಕೆ. ಆದರೂ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ಎಡ ಸ್ತನದಲ್ಲಿ ಕ್ಯಾನ್ಸರ್ ಕಂಡಿತು. ತೆಗೆಯಲೇಬೇಕು ಎಂಬುದು ನಿಶ್ಚಯವಾಗಿತ್ತು. ಹೊಟ್ಟೆಯ ಚರ್ಮ, ಕೊಬ್ಬು ತೆಗೆದು ಹೊಸ ಸ್ತನ ಕಟ್ಟುವುದೋ ಬೇಡವೋ ಎಂಬುದಷ್ಟೇ ಉಳಿದಿತ್ತು. ಅತ್ತಾವರದ ಆಸ್ಪತ್ರೆಯ ಡಾಕ್ಟರು ನನ್ನ ಸಕ್ಕರೆ ಕಾಯಿಲೆ, ಮುಂದೆ ಕೊಡಬೇಕಾದ ರೇಡಿಯೇಷನ್, ಗಾಯ ಮಾಯುವುದು ತಡವಾಗಬಹುದು ಎಂಬುದು, ಎಲ್ಲವನ್ನೂ ಬಿಡಿಸಿ ಹೇಳಿದರು.

"ಮಾಡಬಹುದು, ಮಾಡದಿದ್ದರೂ ತೊಂದರೆ ಇಲ್ಲ. ಬೇಕಾ ಅಂತ ನೀವೇ ಹೇಳ್ಬೇಕು. ಮನೆಯಲ್ಲಿ ಕೇಳಿ, ಸೋಮವಾರ ಬನ್ನಿ."

ಮನೆಯಲ್ಲಿ ಯಾರನ್ನು ಕೇಳುವುದು? ಮದುವೆಯಾದವಳಲ್ಲ. ಅಮ್ಮ ತೀರಿಕೊಂಡ ಮೇಲೆ ನಾನೊಬ್ಬಳೇ. ದುಬೈಯಲ್ಲಿರುವ ತಮ್ಮನಿಗೆ ಇಂಥದ್ದನ್ನು ಹೇಗೆ ಹೇಳಲಿ? ಮೂರು ದಿನ ಕನ್ನಡಿಯ ಮುಂದೆ ನಿಂತು ಒಮ್ಮೆ ಬೇಕು, ಒಮ್ಮೆ ಬೇಡ ಎಂದುಕೊಂಡೆ. ಇನ್ನೊಬ್ಬರ ಒಂದೇ ಒಂದು ಮಾತಿಗೆ ಅಷ್ಟು ಹಂಬಲಿಸಿದ್ದು ಅದೇ ಮೊದಲು.

ಶನಿವಾರ ಶಾಲೆ ಬಿಟ್ಟ ಮೇಲೆ ಹಂಪನಕಟ್ಟೆಯ ಟೈಲರ್ ಹಸನಬ್ಬರ ಅಂಗಡಿಗೆ ಹೋದೆ. ರೋಗದ ಸುಳಿವೇ ಇಲ್ಲದಿದ್ದಾಗ ಹೊಲಿಯಲು ಕೊಟ್ಟ ರವಿಕೆಯೊಂದು ಅಲ್ಲಿತ್ತು. ಬಿಡಿಸಿ ನೋಡಿದರೆ ಎಡಬದಿಗೆ, ಒಳಗಿನಿಂದ, ಮೆತ್ತನೆಯ ಹತ್ತಿಬಟ್ಟೆಯ ಕಿಸೆ. ಸ್ತನ ತೆಗೆಸಿಕೊಂಡವರು ಮೆತ್ತೆ ಇಟ್ಟುಕೊಳ್ಳಲು ಹೊಲಿಸುವಂಥದ್ದು.

"ಇದೆಂತ?"

"ನೀವೇ ಫೋನಲ್ಲಿ ಹೇಳಿದ್ದಲ್ವಾ ಟೀಚರ್? ಬಟ್ಟೆ ಕೊಟ್ಟ ಮರುದಿನವೇ. ಇಪ್ಪತ್ತು ವರ್ಷದಿಂದ ಹೊಲಿತಾ ಇದ್ದೇನೆ, ನಿಮ್ಮ ಸ್ವರ ನನಗೆ ಗೊತ್ತಿಲ್ವಾ? 'ಮನೆಯಲ್ಲಿ ಕೇಳಿ ಆಯ್ತು, ಇಷ್ಟೇ ಸಾಕು ಅಂದ್ರು' ಅಂತ ಸಹ ಹೇಳಿದ್ರಿ. ನನಗೆ ಖುಷಿಯಾಯ್ತು, ಟೀಚರ್ ಮನೆಯಲ್ಲಿ ಜನ ಉಂಟಲ್ಲ ಅಂತ."

ಬಟ್ಟೆಗೆ ಸಿಕ್ಕಿಸಿದ್ದ ಚೀಟಿಯನ್ನೂ ತೋರಿಸಿದರು. ಮಾಸಿದ ಪೆನ್ಸಿಲ್ ಅಕ್ಷರದಲ್ಲಿ 'ಎಡ, ಒಳಕಿಸೆ' ಎಂದಿತ್ತು. ನಾನು ಫೋನ್ ಮಾಡಿರಲಿಲ್ಲ. ಅವರ ನಂಬರೇ ನನ್ನಲ್ಲಿರಲಿಲ್ಲ. ದುಡ್ಡು ಕೊಟ್ಟು ರವಿಕೆಯನ್ನು ಮನೆಗೆ ತಂದೆ.

ಸೋಮವಾರ ಡಾಕ್ಟರು ಕೇಳಿದರು, "ಮನೆಯಲ್ಲಿ ಕೇಳಿದ್ರಾ?"

"ಕೇಳಿದೆ. ಹೊಸದು ಬೇಡ, ಇಷ್ಟೇ ಸಾಕಂತೆ" ಎಂದೆ.

ಆ ರವಿಕೆಯನ್ನು ಈಗಲೂ ತೊಡುತ್ತೇನೆ. ನನ್ನ ಸ್ವರದಲ್ಲಿ ಫೋನ್ ಮಾಡಿದವಳು ಯಾರೋ ತಿಳಿಯದು. ಅದಕ್ಕಿಂತ ಹೆಚ್ಚಾಗಿ, ಅವಳು ಮನೆಯಲ್ಲಿ ಕೇಳಿದ್ದು ಯಾರನ್ನು ಎಂದು ತಿಳಿಯುವ ಆಸೆ. ಶಾಲೆಯಿಂದ ಬಂದು ಬೀಗ ತೆಗೆಯುವ ಮುಂಚೆ ಕೆಲವೊಮ್ಮೆ ಬಾಗಿಲ ಹೊರಗೆ ನಿಂತು ಕಿವಿಗೊಡುತ್ತೇನೆ.