ಬೇಸಿಗೆಯ ಅಳತೆಗಳು

ಶಾಂತವ್ವನ ಸಾವಿಗೆ ಲೈನ್‌ಮನ್ ರಾಜೇಸಾಬ ಕಾರಣನಲ್ಲ. ನಾನು ಕಾರಣ. ಹನ್ನೆರಡು ವರ್ಷ ಈ ಎರಡು ಮಾತು ನನ್ನ ಬಾಯಿಂದ ಹೊರಬರಲಿಲ್ಲ — ಬರಗೊಡಲಿಲ್ಲ ಎನ್ನುವುದೇ ಸರಿ.

ನಾನು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ. ಬಸವನ ಬಾಗೇವಾಡಿಯಲ್ಲಿ ಹುಟ್ಟಿ ಬೆಳೆದು, ಕೊನೆಗೆ ಒಂದು ವಿಶ್ವವಿದ್ಯಾಲಯದ ಸಂಶೋಧನಾ ನಿರ್ದೇಶಕನಾದವನು. ಆ ಕುರ್ಚಿಗೆ ನನ್ನನ್ನು ಏರಿಸಿದ್ದು ಒಂದು ಪೆಟ್ಟಿಗೆ. ನಮ್ಮ ಕಡೆ ಹೊಲಗಳ ಮೇಲೆ ಹಾದ ತಂತಿ ಹರಿದು ಬಿದ್ದಾಗ ಎಷ್ಟೋ ಸಲ ಅದರಲ್ಲಿ ಕರೆಂಟು ಇರುತ್ತದೆ, ನೋಡಿದವರಿಗೆ ತಿಳಿಯುವುದಿಲ್ಲ. ಕಂಬಕ್ಕೆ ಕೂಡಿಸಿದ ನಮ್ಮ ಪೆಟ್ಟಿಗೆ ಅದನ್ನು ಗುರುತಿಸಿ ತಕ್ಷಣ ಲೈನ್ ಕಡಿಯಬೇಕು. ಚಿಕ್ಕವನಿದ್ದಾಗ ಪಕ್ಕದ ಹೊಲದಲ್ಲಿ ಒಂದು ಜೋಡಿ ಎತ್ತು ಹಾಗೆ ಸತ್ತದ್ದನ್ನು ಕಂಡಿದ್ದೆ. ಹಾಗಾಗಿ ಇದು ನನಗೆ ಬರೀ ಕೆಲಸವಾಗಿರಲಿಲ್ಲ — ಅದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಪರೀಕ್ಷೆಗಳನ್ನು ಮಾಡಿದವಳು ಸುವರ್ಣಾ, ಸಿಂದಗಿಯವಳು, ನನ್ನ ಸಂಶೋಧನಾ ವಿದ್ಯಾರ್ಥಿನಿ. ಮಳೆಗಾಲದಲ್ಲಿ, ಚಳಿಗಾಲದಲ್ಲಿ ಎರೆ ಮಣ್ಣಿನ ಮೇಲೆ ತಂತಿ ಬೀಳಿಸಿ ಅಳೆದಳು. ಪೆಟ್ಟಿಗೆ ಒಮ್ಮೆಯೂ ತಪ್ಪಲಿಲ್ಲ. ಆಮೇಲೆ, ನಾನು ಹೇಳದಿದ್ದರೂ, ಮೇ ತಿಂಗಳಲ್ಲಿ ಮತ್ತೆ ಹೋಗಿ ಅಳೆದು ಬಂದಳು. ಎರೆ ಒಣಗಿ ಕೈ ತೂರುವಷ್ಟು ಬಿರುಕು ಬಿಟ್ಟಾಗ ನೆಲ ಕರೆಂಟನ್ನು ಎಳೆದುಕೊಳ್ಳುವುದಿಲ್ಲ. ತಂತಿ ಬಿದ್ದದ್ದೇ ಪೆಟ್ಟಿಗೆಗೆ ಗೊತ್ತಾಗುವುದಿಲ್ಲ.

“ಸರ್, ಬ್ಯಾಸಿಗ್ಯಾಗ ಇದು ಕುರುಡ ಐತ್ರಿ,” ಎಂದಳು.

ಆ ವಾರವೇ ವರದಿ ಸಲ್ಲಿಸಬೇಕಿತ್ತು. ಇಂಡಿ ತಾಲ್ಲೂಕಿನಲ್ಲಿ ಪೆಟ್ಟಿಗೆಗಳನ್ನು ಪ್ರಯೋಗಕ್ಕೆ ಕೂಡಿಸಲು ಬಾಯಿಮಾತಿನ ಒಪ್ಪಿಗೆ ಸಿಕ್ಕಿತ್ತು. ನಾನು ಅವಳ ಹಾಳೆಗಳನ್ನು ತಿರುವಿ ಹೇಳಿದೆ: “ಬ್ಯಾಸಿಗಿ ಅಳತಿ ಬಿಡು. ಮುಂದಿನ ವರ್ಷ ನೋಡೂಣು.”

“ಬಿಟ್ರ ಸುಳ್ಳಾಗ್ತೈತಲ್ರಿ?”

“ಬಿಡು ಅಂದೆನಲ್ಲ.”

ಬಿಟ್ಟಳು. ಅವಳ ಪದವಿ ನನ್ನ ಸಹಿಯ ಮೇಲಿತ್ತು. ಅದು ನಮ್ಮಿಬ್ಬರಿಗೂ ಗೊತ್ತಿತ್ತು. ವರದಿ ಮುಗಿದ ಮೇಲೆ ಪದವಿಯನ್ನೂ ಬಿಟ್ಟು ಸಿಂದಗಿಗೆ ಹೋಗಿ ಕಾಲೇಜೊಂದರಲ್ಲಿ ಪಾಠ ಹೇಳತೊಡಗಿದಳು. ನಾನು ಯಾಕೆಂದು ಕೇಳಲಿಲ್ಲ.

ಇಂಡಿಯಲ್ಲಿ ಲೈನ್‌ಮನ್‌ಗಳಿಗೆ ತರಬೇತಿ ಕೊಟ್ಟವನೂ ನಾನೇ. ಝಳಕಿ ಕಡೆಯ ಲೈನ್ ನೋಡಿಕೊಳ್ಳುತ್ತಿದ್ದ ರಾಜೇಸಾಬ, ಮೂಲತಃ ನಾಲತವಾಡದವನು, ಎದ್ದು ನಿಂತು ಕೇಳಿದ: “ಸಾಹೇಬ್ರ, ಇದರ ಮ್ಯಾಲ ಭರೋಸಾ ಇಟ್ಟು ಮಂದಿಗೆ ಹೇಳಬಹುದೇನ್ರಿ, ಲೈನ್ ಬಂದ್ ಆಗೈತಂತ?”

ಬೇಸಿಗೆಯಲ್ಲಿ ಬೇಡ — ಅಷ್ಟು ಹೇಳಿದ್ದರೂ ಸಾಕಿತ್ತು. “ಹೇಳಬಹುದು,” ಎಂದೆ.

ಮರುವರ್ಷದ ಏಪ್ರಿಲ್. ನಡುಮಧ್ಯಾಹ್ನ. ಝಳಕಿ ಹತ್ತಿರದ ಒಂದು ಲಿಂಬೆ ತೋಟದ ಒಣಗಿ ಬಿರಿದ ಹೊರಬದುವಿನ ಮೇಲೆ ತಂತಿ ಹರಿದು ಬಿತ್ತು. ನಾಲ್ಕು ಮಾರು ಒಳಗೆ ಬಿದ್ದಿದ್ದರೆ, ನೀರುಂಡ ನೆಲದಲ್ಲಿ, ಪೆಟ್ಟಿಗೆ ಕೆಲಸ ಮಾಡುತ್ತಿತ್ತು. ತೋಟದ ಒಡತಿ ಶಾಂತವ್ವ ರಾಜೇಸಾಬನಿಗೆ ಫೋನ್ ಮಾಡಿದಳು. “ಹೆದರಬ್ಯಾಡವ್ವಾ, ಪೆಟಗಿ ಲೈನ್ ಕಡದಿರತೈತಿ. ನಾ ಬರಾಕತ್ತೇನಿ,” ಎಂದ. ದಾರಿಯಲ್ಲಿ ಕಂಬದ ಹತ್ತಿರ ಇಳಿದು ಪೆಟ್ಟಿಗೆ ತೆರೆದರೆ ಲೈನ್ ಚಾಲೂ ಇತ್ತು. ಹಿಡಿಕೆಯನ್ನು ಕೆಳಗೆಳೆದು ತಾನೇ ಬಂದ್ ಮಾಡಿದ. ಅಷ್ಟರೊಳಗೆ ಶಾಂತವ್ವ, ಅವನ ಮಾತು ನಂಬಿ, ಕಾಲುದಾರಿಗೆ ಅಡ್ಡಬಿದ್ದ ತಂತಿಯನ್ನು ಸರಿಸಲು ಕೈಹಾಕಿದ್ದಳು.

ವಿಚಾರಣೆಯಲ್ಲಿ ರಾಜೇಸಾಬ ನಡೆದದ್ದನ್ನು ನಡೆದ ಹಾಗೆಯೇ ಹೇಳಿದ. ಅಧಿಕಾರಿಗಳು ನನ್ನತ್ತ ತಿರುಗಿದರು. ಅವನು ನನ್ನ ಎದುರಿಗೇ ಕುಳಿತಿದ್ದ. ನಾನು ತನ್ನ ಪರವಾಗಿ ಮಾತಾಡುತ್ತೇನೆಂಬ ನಂಬಿಕೆ ಅವನ ಮುಖದಲ್ಲಿತ್ತು. ನಾನು ಶುದ್ಧ ಕನ್ನಡದಲ್ಲಿ ಹೇಳಿದೆ: “ಪೆಟ್ಟಿಗೆಯಲ್ಲಿ ದೋಷವಿಲ್ಲ. ಅದು ಲೈನ್ ಕಡಿದಿತ್ತು. ಇವರು ಗಾಬರಿಯಲ್ಲಿ ಹಿಡಿಕೆಯನ್ನು ಮೇಲಕ್ಕೆ ದೂಡಿ ಮತ್ತೆ ಚಾಲೂ ಮಾಡಿರಬೇಕು.”

ರಾಜೇಸಾಬ ತನ್ನ ಬಲಗೈಯನ್ನು ನೋಡಿಕೊಂಡ.

ಅವನ ಕೆಲಸ ಹೋಯಿತು. ಪ್ರಯೋಗದ ಅವಧಿ ಮುಗಿದು ಪೆಟ್ಟಿಗೆಗಳು ಕೆಳಗಿಳಿದವು. ವರದಿ ಉಳಿಯಿತು, ನನ್ನ ಹೆಸರೂ ಬೆಳೆಯಿತು. ಆದರೆ ಪ್ರತಿ ಬೇಸಿಗೆ... ಊರಿಗೆ ಹೋಗುವಾಗ ರಸ್ತೆಯ ಎರಡೂ ಕಡೆ ಬಾಯಿ ತೆರೆದ ಹೊಲಗಳನ್ನು ನೋಡಲಾರದೆ ಕಾರಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದೆ. ಭಾಷಣ ಮುಗಿಸಿ “ಪ್ರಶ್ನೆಗಳಿವೆಯೇ?” ಎಂದಾಗ ಸಭೆಯ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತಂತೆ ಅನಿಸುತ್ತಿತ್ತು. ಶಾಂತವ್ವನನ್ನು ನಾನು ಫೋಟೋದಲ್ಲೂ ನೋಡಿಲ್ಲ. ಆದರೂ ಅವಳೇ ಎಂದು ತಿಳಿಯುತ್ತಿತ್ತು.

ಈ ವರ್ಷ ಸಿಂದಗಿ, ಮುದ್ದೇಬಿಹಾಳ ತಾಲ್ಲೂಕುಗಳಲ್ಲಿ ಆ ವರದಿಯನ್ನೇ ನಂಬಿ ಅದೇ ಪೆಟ್ಟಿಗೆ ಕೂಡಿಸುವ ಕಾಗದ ನನ್ನ ಸಹಿಗೆ ಬಂತು. ಮೂರು ದಿನ ಮೇಜಿನ ಮೇಲಿಟ್ಟುಕೊಂಡು ಕೂತೆ. ನಾಲ್ಕನೆಯ ದಿನ ಸುವರ್ಣಾಳಿಗೆ ಫೋನ್ ಮಾಡಿ, ಆ ಹಾಳೆಗಳು ಇವೆಯೇ ಎಂದು ಕೇಳಿದೆ.

“ಅದಾವ್ರಿ,” ಎಂದಳು. “ನೀವು ಕೇಳ್ತೀರಂತ ಇಟ್ಟಿದ್ದಲ್ಲ. ಹರದು ಒಗ್ಯಾಕ ಆಗಲಿಲ್ಲ.”

ಬೇಸಿಗೆಯ ಅಳತೆಗಳನ್ನೂ ವಿಚಾರಣೆಯಲ್ಲಿ ನಾನು ಹೇಳಿದ ಸುಳ್ಳನ್ನೂ ಬರೆದು ವಿಶ್ವವಿದ್ಯಾಲಯಕ್ಕೆ, ವಿದ್ಯುತ್ ಅಧಿಕಾರಿಗಳಿಗೆ ಕಳಿಸಿದೆ. ರಾಜೀನಾಮೆ ಜೊತೆಗಿತ್ತು. ಆಮೇಲೆ ನಾಲತವಾಡಕ್ಕೆ ಹೋದೆ.

ರಾಜೇಸಾಬ ಈಗ ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತಾನೆ. ಮನೆಯಲ್ಲಿ ದೀಪದ ಗುಂಡಿಯನ್ನೂ ಮುಟ್ಟುವುದಿಲ್ಲವಂತೆ, ಮಗಳೇ ಹಾಕಬೇಕು. ನಾನು ಎಲ್ಲವನ್ನೂ ಹೇಳಿದೆ. ಅವನು ಬಲಗೈ ಎತ್ತಿ ಗಾಳಿಯಲ್ಲಿ ಒಮ್ಮೆ ಕೆಳಗೆ ಎಳೆದ.

“ಅಂದ್ರ ನಾ ಕೆಳಗಽ ಎಳದಿದ್ದೆ,” ಎಂದ. “ಮ್ಯಾಲ ದೂಡಿದ್ನೋ ಏನೋ ಅಂತ ನನಗಽ ಅನಸಾಕತ್ತಿತ್ತು. ನಮಾಜಿನ್ಯಾಗೂ ಅದಽ ಬರ್ತಿತ್ತು.”

ಅವನ ಕೆಲಸವನ್ನಷ್ಟೇ ಕಿತ್ತುಕೊಂಡೆ ಎಂದುಕೊಂಡಿದ್ದೆ. ಅವನ ಕೈಯ ನೆನಪನ್ನೂ —

“ಅವತ್ತ ಯಾಕ ಹೇಳಲಿಲ್ರಿ?”

ಉತ್ತರಕ್ಕೆ ಕಾಯದೆ ರಾಜೇಸಾಬ ಒಳಗೆ ತಿರುಗಿ ಮಗಳನ್ನು ಕರೆದ: “ಹಸೀನಾ, ಹೊರಗ ಬಾ. ಈ ಸಾಹೇಬ್ರು ಒಂದ ಮಾತ ಹೇಳ್ತಾರ, ಕೇಳು.”

ಹಸೀನಾ ಬಂದು ಬಾಗಿಲಲ್ಲಿ ನಿಂತಳು. ನಾನು ಎದ್ದು ನಿಂತು ಮತ್ತೆ ಎಲ್ಲವನ್ನೂ ಹೇಳಿದೆ. ಕೇಳುವಷ್ಟು ಹೊತ್ತೂ ಆಕೆ ನನ್ನನ್ನು ನೋಡಲಿಲ್ಲ, ಅಪ್ಪನನ್ನೇ ನೋಡುತ್ತಿದ್ದಳು.

ಹೊರಡುವಾಗ, ಝಳಕಿಗೆ ಹೋಗಿ ಶಾಂತವ್ವನ ಗಂಡನಿಗೂ ಹೇಳಬೇಕಾಗಿದೆ ಎಂದೆ. ರಾಜೇಸಾಬ ಚಪ್ಪಲಿ ಮೆಟ್ಟಿದ.

“ನಡೀರಿ, ನಾನೂ ಬರ್ತೇನಿ. ನನ್ನ ಮುಂದ ಹೇಳ್ರಿ.”