ಕುಲುಕುವ ಬಸ್ಸಿನ ಅಮರಪ್ಪ

ಕಿನ್ನಾಳದ ಅಮರಪ್ಪನಿಗೆ ದೇವರನ್ನು ಕೆತ್ತುವ ಕೆಲಸ ಒಗ್ಗಲಿಲ್ಲ. ಅವನು ಕೆತ್ತಿದ ಲಕ್ಷ್ಮಿಯೂ ಸರಸ್ವತಿಯೂ ಕೊನೆಗೆ ಅವನ ಅತ್ತೆ ಮುದಕಮ್ಮನ ಹಾಗೆಯೇ ಕಾಣುತ್ತಿದ್ದರು. ಆ ಮುಖದ ಮುಂದೆ ವರ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹಾಗಾಗಿ ಅವನು ಕೊಪ್ಪಳಕ್ಕೆ ಬಂದು ಬಸ್ಸಿಗೆ ಕಟ್ಟಿಗೆಯ ಬಾಡಿ ಕಟ್ಟುವ ಕೆಲಸ ಹಿಡಿದ.

ಬಾಡಿಯನ್ನು ಕೆಳಗಿನ ಕಬ್ಬಿಣದ ಚೌಕಟ್ಟಿಗೆ ಬಿಗಿಯುವಾಗ ನಡುವೆ ರಬ್ಬರ್ ಬಿಲ್ಲೆ ಇಡುತ್ತಾರೆ. ರಸ್ತೆಯ ಪೆಟ್ಟನ್ನೆಲ್ಲ ಅದೇ ತಿನ್ನಬೇಕು. ಎರಡನೇ ಮಹಾಯುದ್ಧ ಬಂತು, ಪೇಟೆಯಿಂದ ರಬ್ಬರ್ ಮಾಯವಾಯಿತು, ಸವೆದ ಬಿಲ್ಲೆಗಳು ಉದುರಿಹೋದವು. ಆಮೇಲೆ ಅವನು ಬಾಡಿ ಕಟ್ಟಿದ ಕುಷ್ಟಗಿ ಬಸ್ಸು ಹತ್ತಿದವರೆಲ್ಲ ಸೊಂಟ ಹಿಡಿದುಕೊಂಡೇ ಇಳಿಯುತ್ತಿದ್ದರು. ಅವರಲ್ಲಿ ಮುದಕಮ್ಮನೂ ಒಬ್ಬಳು.

ಅಮರಪ್ಪನ ಹೆಂಡತಿ ಬಸವಣ್ಣೆಮ್ಮ ಬಾಣಂತನಕ್ಕೆ ಕುಷ್ಟಗಿಯ ತವರಿನಲ್ಲಿದ್ದಳು. ಕರೆದುಕೊಂಡು ಹೋಗಲು ಬಂದ ಅಳಿಯನಿಗೆ ಮುದಕಮ್ಮ ಹೇಳಿದಳು: "ಅಳಿಯಾರ, ಕೂಸು ಎಚ್ಚರಾಗದಂಥಾ ಬಸ್ ತರ್ರಿ. ಅಲ್ಲೀತನಕಾ ಮಗಳನ್ನ ಕಳಸೂದಿಲ್ಲ."

ಎತ್ತಿನ ಚಕ್ಕಡಿ ತರುತ್ತೇನೆಂದರೆ, ಬಸ್ಸು ಕಟ್ಟುವವನ ಹೆಂಡತಿ ಚಕ್ಕಡಿಯಲ್ಲಿ ಹೋಗುವುದೇ ಎಂದು ಅದಕ್ಕೂ ಅತ್ತೆಯ ಕೊಂಕು. ಒಬ್ಬನೇ ರೊಟ್ಟಿ ಬಡಿದು ತಿನ್ನುವಾಗ ಅಮರಪ್ಪನಿಗೆ ಅಳುವೇ ಬರುತ್ತಿತ್ತು.

ಬಿಲ್ಲೆಯ ಜಾಗಕ್ಕೆ ಗೋಣಿತಟ್ಟು ತುರುಕಿದ, ಹರಿಯಿತು. ತೊಗಲು ಇಟ್ಟ, ನಾಯಿಗಳು ಬಸ್ಸಿನಡಿ ನುಗ್ಗಿ ಎಳೆದವು. ಕೊನೆಗೆ ತನ್ನ ಟಾಯರ್ ಚಪ್ಪಲಿಯನ್ನೇ ಕತ್ತರಿಸಿ ಹಿಂದಿನ ಮೂಲೆಗಳಿಗೆ ಬಿಗಿದ. ಅಲ್ಲಿ ಕುಲುಕು ನಿಂತಿತು. ಮುಂದಿನ ಮೂಲೆಗಳಿಗೆ ಚಪ್ಪಲಿ ಉಳಿದಿರಲಿಲ್ಲ.

ಬರಿಗಾಲಲ್ಲೇ ಕುಷ್ಟಗಿಗೆ ಹೋದ. ಬಾಗಿಲಲ್ಲಿ ಮಾವ ವಿರುಪಣ್ಣನ ಹೊಸ ಟಾಯರ್ ಚಪ್ಪಲಿ ಕಂಡವು. ಇಸ್ಪೀಟು ಆಡಿ ಬಂದ ಮಾವ ಒಳಗೆ ಗೊರಕೆ ಹೊಡೆಯುತ್ತಿದ್ದ. ಅಮರಪ್ಪ ಯಾರನ್ನೂ ಕೇಳಲಿಲ್ಲ, ದೇವರನ್ನು ಕೂಡ.

ಕೆಲವು ದಿನಗಳಲ್ಲಿ ಬಸ್ಸಿನ ಮುಂದಿನ ಮೂಲೆಗಳ ಕುಲುಕೂ ನಿಂತಿತು. ಪರೀಕ್ಷೆ ಮಾಡಲು ಮುದಕಮ್ಮನೇ ಮಗಳ ಜೊತೆ, ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದಳು. ಅರ್ಧ ದಾರಿಯವರೆಗೆ ಅವಳು ಕೂಸಿನ ರೆಪ್ಪೆ ನೋಡುತ್ತಿದ್ದಳು, ಅಮರಪ್ಪ ಅವಳ ಮುಖ ನೋಡುತ್ತಿದ್ದ. ಕೊಪ್ಪಳ ಬಂದಾಗ ಕೂಸು ಮಲಗಿಯೇ ಇತ್ತು. ಅತ್ತೆಯೂ ತೂಕಡಿಸುತ್ತಿದ್ದಳು.

"ಭಾಳ ಛಲೋ ಆತು. ಕೆಳಗೇನ ಹಾಕೀರಿ ಅಳಿಯಾರ?"

ಅವನಿಗೆ ಸುಳ್ಳು ಹೊಳೆಯಲಿಲ್ಲ. "ಮಾವಾರ ಚಪ್ಪಲ್ರಿ, ಅತ್ತಿ."

ಬಸವಣ್ಣೆಮ್ಮ ಕಣ್ಣು ಮುಚ್ಚಿಕೊಂಡಳು. ಕೂಸು ಇನ್ನೂ ಮುದಕಮ್ಮನ ಕೈಯಲ್ಲೇ ಇತ್ತು.

"ಅವನ್ನ ಮೆಟ್ಟಿಕೊಂಡು ದಿನಾ ಇಸ್ಪೀಟ ಆಡಾಕ ಹೋಗ್ತಿದ್ರು," ಎಂದಳು ಮುದಕಮ್ಮ. "ನಾ ಎಷ್ಟ ಬೈದ್ರೂ ಮನ್ಯಾಗ ನಿಲ್ಲಲಿಲ್ಲ. ಚಪ್ಪಲಿ ಹೋದ ಮ್ಯಾಲ ಹೊಸ್ತಿಲ ದಾಟಿಲ್ಲ."

ಕೂಸನ್ನು ಅಳಿಯನ ಕೈಗೆ ಕೊಟ್ಟಳು.

"ಅಟ್ಟದ ಮ್ಯಾಲ ಇನ್ನೊಂದ ಜೋಡ ಐತಿ. ಮುಂದಿನ ಸಲ ಬಂದಾಗ ಅದನ್ನೂ ಒಯ್ರಿ."